ಬೀಗವೇ ಇಲ್ಲದ ಹಿತ್ತಿಲ ಬಾಗಿಲು

ತಿಂಗಳ ಕೊನೆಯ ದಿನ ಯಾವುದಾದರೂ ದೊಡ್ಡ ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ಹೋಗಿ ನೋಡಿ. ಮೇಜಿನ ಮೇಲಿನ ಕಾಫಿ ಆರಿ ಕೆನೆ ಕಟ್ಟಿರುತ್ತದೆ. ಪ್ರಿಂಟರ್ ಬಿಸಿಯಾಗಿ ಕಾಗದ ಸಿಕ್ಕಿಕೊಂಡಿರುತ್ತದೆ. ಬೋಲ್ಟು ಸರಬರಾಜು ಮಾಡುವವನೊಬ್ಬ ‘ಪೇಮೆಂಟ್ ಯಾವಾಗ?’ ಎಂದು ಮೂರನೇ ಸಲ ಫೋನ್ ಮಾಡಿರುತ್ತಾನೆ. ಬಿಲ್ ನಮೂದಿಸುವ ಹುಡುಗಿಗೆ ಅವನ ಬಿಲ್ ಪರದೆಯ ಮೇಲೆ ಕಾಣುತ್ತದೆ, ಹಣ ಬಿಡುಗಡೆ ಮಾಡುವ ಗುಂಡಿ ಮಾತ್ರ ಕಾಣುವುದಿಲ್ಲ. ‘ಸರ್, ಅದು ನನ್ನ ಐಡಿಗೆ ಬರಲ್ಲ, ನೀವೇ ರಿಲೀಸ್ ಮಾಡ್ಬೇಕು’ ಎಂದು ಮ್ಯಾನೇಜರ್ ಕಡೆ ತಿರುಗುತ್ತಾಳೆ. ಮ್ಯಾನೇಜರ್ ಹಣ ಬಿಡುಗಡೆ ಮಾಡಬಲ್ಲರು. ಆದರೆ ಆ ಸರಬರಾಜುದಾರನ ಬ್ಯಾಂಕ್ ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದರೆ ಅದನ್ನು ತಿದ್ದುವುದು ಅವರ ಕೈಯಲ್ಲೂ ಇಲ್ಲ. ಅದಕ್ಕೆ ಬೇರೆ ವಿಭಾಗಕ್ಕೆ ಮೇಲ್ ಹಾಕಬೇಕು, ಅಲ್ಲಿಯವರು ಊಟಕ್ಕೆ ಹೋಗಿರುತ್ತಾರೆ.

ಕೆಲಸ ಮಾಡುವವರಿಗೆ ಇದು ಕಿರಿಕಿರಿ. ‘ಒಬ್ಬರೇ ಮಾಡಿದ್ರೆ ಐದು ನಿಮಿಷದ ಕೆಲಸ’ ಎಂದು ಗೊಣಗದ ಅಕೌಂಟೆಂಟ್ ಇಲ್ಲ. ಒಬ್ಬರೇ ಮಾಡಬಾರದು ಎಂಬುದಕ್ಕಾಗಿಯೇ ಈ ಏರ್ಪಾಡು.

ಈಗ ಇನ್ನೊಂದು ದೃಶ್ಯ. ಆ ಕಾರ್ಖಾನೆಯನ್ನು ಕಣ್ಣಿಂದಲೂ ನೋಡದ ಯಾರೋ ಒಬ್ಬ, ಎಲ್ಲೋ ಕುಳಿತು, ಇಂಟರ್‌ನೆಟ್ ಮೂಲಕ ಅದೇ ಲೆಕ್ಕದ ಕಂಪ್ಯೂಟರ್‌ಗೆ ಒಂದು ಸಂದೇಶ ಕಳಿಸುತ್ತಾನೆ: ಹೊಸ ಬಳಕೆದಾರನೊಬ್ಬನನ್ನು ಸೃಷ್ಟಿಸು, ಅವನಿಗೆ ಎಲ್ಲ ಅಧಿಕಾರ ಕೊಡು. ಕಂಪ್ಯೂಟರ್ ‘ನೀನು ಯಾರು?’ ಎಂದು ಕೇಳುವುದಿಲ್ಲ. ಪಾಸ್‌ವರ್ಡ್ ಕೇಳುವುದಿಲ್ಲ. ಹೇಳಿದಷ್ಟು ಮಾಡಿ ‘ಆಯಿತು’ ಎನ್ನುತ್ತದೆ. ಬಿಲ್ ನಮೂದಿಸುವ ಹುಡುಗಿಗೂ ಮ್ಯಾನೇಜರ್‌ಗೂ ಇಲ್ಲದ ಅಧಿಕಾರ ದಾರಿಹೋಕನಿಗೆ ಸಿಗುತ್ತದೆ.

ಕಟ್ಟುಕಥೆಯಂತೆ ಕೇಳಿಸುವ ಈ ಸಂಗತಿ 2020ರ ಜುಲೈನಲ್ಲಿ ಜಗತ್ತಿನ ಸಾವಿರಾರು ಕಂಪನಿಗಳ ಮುಂದೆ ನಿಜವಾಗಿ ಬಂದು ನಿಂತಿತು.

ಜೋಡಿ ಬೀಗದ ಲೆಕ್ಕ

ಹಣ ಇರುವ ಕಡೆ ಒಬ್ಬನನ್ನೇ ನಂಬಬಾರದು ಎಂಬುದು ಕಂಪ್ಯೂಟರ್ ಕಲಿಸಿದ ಪಾಠವಲ್ಲ. ಸರ್ಕಾರಿ ಖಜಾನೆಯ ಭದ್ರತಾ ಕೊಠಡಿಗೆ ಜೋಡಿ ಬೀಗ ಇರುತ್ತದೆ. ಎರಡು ಕೀಲಿ ಇಬ್ಬರು ಅಧಿಕಾರಿಗಳ ಬಳಿ. ಇಬ್ಬರೂ ಬರದೆ ಬಾಗಿಲು ತೆರೆಯದು. ಸಹಕಾರ ಸಂಘದ ಚೆಕ್ಕಿಗೆ ಎರಡು ಸಹಿ ಬೇಕು. ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಮತ್ತು ಅಧ್ಯಕ್ಷರು ಇಬ್ಬರೂ ಒಪ್ಪದೆ ದುಡ್ಡು ಕದಲದು. ಹಿಂದೆ ಪೆನ್ನಿನ ಸಹಿ, ಈಗ ಡಿಜಿಟಲ್ ಸಹಿಯ ಡಾಂಗಲ್. ಅಧ್ಯಕ್ಷರ ಡಾಂಗಲ್ ಯಾರ ಜೇಬಿನಲ್ಲಿರುತ್ತದೆ ಎಂಬುದು ಹಲವು ಊರುಗಳಲ್ಲಿ ಚರ್ಚೆಯ ವಿಷಯ, ಆ ಮಾತು ಆಮೇಲೆ.

ಸಾವಿರಾರು ನೌಕರರು, ಹತ್ತಾರು ಕಾರ್ಖಾನೆ, ಹಲವು ದೇಶಗಳ ಕರೆನ್ಸಿ ಇರುವ ಕಂಪನಿಯಲ್ಲಿ ಈ ಜೋಡಿ ಬೀಗವನ್ನು ಕಾಯುವುದು ಸಾಫ್ಟ್‌ವೇರ್. ಅದನ್ನು ಇಆರ್‌ಪಿ ಎನ್ನುತ್ತಾರೆ. ಖರೀದಿ, ದಾಸ್ತಾನು, ಸಂಬಳ, ತೆರಿಗೆ, ಮುಂದಿನ ವರ್ಷದ ಬಜೆಟ್ಟು ಎಲ್ಲವನ್ನೂ ಒಂದೇ ಕಡೆ ಹೆಣೆಯುವ ವ್ಯವಸ್ಥೆ ಇದು. ಊರ ಅಂಗಡಿಯ ಲೆಕ್ಕಕ್ಕೆ ಟ್ಯಾಲಿ ಇದ್ದಂತೆ ಬಹುರಾಷ್ಟ್ರೀಯ ಕಂಪನಿಗಳ ಲೆಕ್ಕಕ್ಕೆ ಇಂಥವು. ಒರಾಕಲ್ ಒಂದು ದೊಡ್ಡ ಹೆಸರು, ಇನ್ನೊಂದು ಜರ್ಮನಿಯ ಸ್ಯಾಪ್.

1972ರಲ್ಲಿ ಐಬಿಎಂ ಬಿಟ್ಟುಬಂದ ಐವರು ಎಂಜಿನಿಯರ್‌ಗಳು ಕಟ್ಟಿದ ಕಂಪನಿ ಅದು. ಅವರು ಮೊದಲು ಬರೆದ ತಂತ್ರಾಂಶವೇ ಹಣಕಾಸು ಲೆಕ್ಕದ್ದು. ಮೊದಲ ಗಿರಾಕಿ ಐಸಿಐ ಕಂಪನಿಯ ಜರ್ಮನಿ ಶಾಖೆಯ ನೈಲಾನ್ ಕಾರ್ಖಾನೆ. ಇವತ್ತು ವಾಲ್‌ಡೋರ್ಫ್ ಎಂಬ ಪುಟ್ಟ ಊರಿನಲ್ಲಿ ಅದರ ಕೇಂದ್ರ ಕಚೇರಿ. ನಮಗೂ ಅದು ದೂರದ ಹೆಸರಲ್ಲ. 1998ರಿಂದ ಬೆಂಗಳೂರಿನಲ್ಲಿ ಅದರ ಸಂಶೋಧನಾ ಕೇಂದ್ರವಿದೆ. ವೈಟ್‌ಫೀಲ್ಡ್ ಕಡೆಯ ಪಿಜಿಗಳಲ್ಲಿ ‘ಏನ್ ಮಾಡ್ತಿದ್ದೀಯಪ್ಪ?’ ಎಂದರೆ ‘ಸ್ಯಾಪ್ ಬೇಸಿಸ್’, ‘ಸ್ಯಾಪ್ ಫಿಕೋ’ ಎನ್ನುವ ಹುಡುಗರು ಎಷ್ಟೋ ಜನ. ಬೇಸಿಸ್ ಎಂದರೆ ಈ ವ್ಯವಸ್ಥೆಯನ್ನು ನಡೆಸಿಕೊಂಡು ಹೋಗುವ ಕೆಲಸ, ಫಿಕೋ ಎಂದರೆ ಹಣಕಾಸು ಲೆಕ್ಕದ ಭಾಗ.

ಎರಡು ಪ್ರಶ್ನೆ

ಪ್ರವೇಶ ನಿಯಂತ್ರಣ ಎಂಬ ಮಾತು ಭಾರವಾಗಿದೆ. ಅದನ್ನು ಬಿಚ್ಚಿದರೆ ಉಳಿಯುವುದು ಎರಡೇ ಪ್ರಶ್ನೆ. ಒಂದು, ನೀನು ಯಾರು? ಎರಡು, ಇದನ್ನು ಮಾಡಲು ನಿನಗೆ ಹಕ್ಕಿದೆಯೇ?

ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ಮೊದಲು ರಿಜಿಸ್ಟರ್‌ನಲ್ಲಿ ಸಹಿ ಮಾಡಿಸಿ ಹಳೆಯ ಸಹಿಯೊಂದಿಗೆ ತಾಳೆ ನೋಡುತ್ತಾರೆ. ನೀವು ನೀವೇ ಎಂಬುದು ಖಾತ್ರಿಯಾಗುತ್ತದೆ. ಹಾಗಂತ ಸ್ಟ್ರಾಂಗ್‌ರೂಮಿನೊಳಗೆ ಬಿಟ್ಟು ‘ಯಾವ ಲಾಕರ್ ಬೇಕೋ ತೆಗೆದುಕೊಳ್ಳಿ’ ಎನ್ನುವುದಿಲ್ಲ. ನಿಮ್ಮ ಕೀಲಿ ನಿಮ್ಮ ಪೆಟ್ಟಿಗೆಗೆ ಮಾತ್ರ. ಮೊದಲನೆಯದು ಗುರುತಿನ ಪರೀಕ್ಷೆ, ಎರಡನೆಯದು ಹಕ್ಕಿನ ಪರೀಕ್ಷೆ.

ನಾವೆಲ್ಲ ತಲೆಕೆಡಿಸಿಕೊಳ್ಳುವುದು ಮೊದಲನೆಯದಕ್ಕೆ. ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಒಟಿಪಿ ಬರಲಿ. ಕಂಪನಿಗಳು ಮುಗ್ಗರಿಸುವುದು ಎರಡನೆಯದರಲ್ಲಿ. ವೆಬ್ ಸುರಕ್ಷತೆಯ ಬಗ್ಗೆ ಕೆಲಸ ಮಾಡುವ ಓವಾಸ್ಪ್ ಎಂಬ ಸಂಸ್ಥೆ ಕೆಲವು ವರ್ಷಗಳಿಗೊಮ್ಮೆ ಹತ್ತು ದೊಡ್ಡ ಅಪಾಯಗಳ ಪಟ್ಟಿ ಪ್ರಕಟಿಸುತ್ತದೆ. 2017ರ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ಲೋಪ ಐದನೆಯ ಸ್ಥಾನದಲ್ಲಿತ್ತು. 2021ರಲ್ಲಿ ಮೊದಲ ಸ್ಥಾನಕ್ಕೆ ಬಂತು.

ಎರಡನೇ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫಸ್ಟ್ ಅಮೆರಿಕನ್ ಫೈನಾನ್ಷಿಯಲ್ ಕಂಪನಿಯ ಪ್ರಕರಣಕ್ಕಿಂತ ಸರಳ ಉದಾಹರಣೆ ಸಿಗಲಾರದು. ಅದು ಮನೆ, ನಿವೇಶನಗಳ ಹಕ್ಕುಪತ್ರಕ್ಕೆ ವಿಮೆ ಕೊಡುವ ದೊಡ್ಡ ಸಂಸ್ಥೆ. ಗ್ರಾಹಕರಿಗೆ ಅವರ ದಾಖಲೆ ನೋಡಲು ಒಂದು ಲಿಂಕ್ ಕಳಿಸುತ್ತಿತ್ತು. ಲಿಂಕಿನ ಕೊನೆಯಲ್ಲಿ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಒಂದು ಹೆಚ್ಚು ಮಾಡಿ ಬ್ರೌಸರ್‌ನಲ್ಲಿ ಒತ್ತಿದರೆ ಪಕ್ಕದವರ ದಾಖಲೆ ತೆರೆಯುತ್ತಿತ್ತು. ಇನ್ನೂ ಒಂದು ಹೆಚ್ಚಿಸಿದರೆ ಮತ್ತೊಬ್ಬರದು. ಬ್ಯಾಂಕ್ ಖಾತೆ ವಿವರ, ತೆರಿಗೆ ಪತ್ರ, ಚಾಲನಾ ಪರವಾನಗಿಯ ಚಿತ್ರ, ಎಲ್ಲವೂ. ಪತ್ರಕರ್ತ ಬ್ರಯಾನ್ ಕ್ರೆಬ್ಸ್ 2019ರ ಮೇ ತಿಂಗಳಲ್ಲಿ ಇದನ್ನು ಬಯಲು ಮಾಡಿದಾಗ ಹೀಗೆ ತೆರೆದುಬಿದ್ದಿದ್ದ ಕಡತಗಳ ಸಂಖ್ಯೆ ಸುಮಾರು 88.5 ಕೋಟಿ. ಹಳೆಯವು 2003ರ ಕಾಲದವು.

ಇಲ್ಲಿ ಬೀಗ ಒಡೆದವರಿಲ್ಲ, ಬೀಗವೇ ಇರಲಿಲ್ಲ. ನನಗೆ ಹೆಚ್ಚು ಬೇಸರ ತರಿಸಿದ್ದು ಆಮೇಲೆ ಹೊರಬಂದ ಸಂಗತಿ. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಪ್ರಕಾರ, ಕಂಪನಿಯ ಭದ್ರತಾ ಸಿಬ್ಬಂದಿಗೆ ಅದೇ ಜನವರಿಯಲ್ಲೇ ಈ ಲೋಪ ಗೊತ್ತಾಗಿತ್ತು. ಸರಿಪಡಿಸಲಿಲ್ಲ, ಮೇಲಿನ ಅಧಿಕಾರಿಗಳಿಗೆ ತಿಳಿಸಲೂ ಇಲ್ಲ. 2021ರಲ್ಲಿ ಎಸ್‌ಇಸಿ ಹಾಕಿದ ದಂಡ 4,87,616 ಡಾಲರ್. 88.5 ಕೋಟಿ ಕಡತಗಳಿಗೆ ಭಾಗಿಸಿ ನೋಡಿದರೆ ಕಡತವೊಂದಕ್ಕೆ ಸೆಂಟಿನ ಹತ್ತನೇ ಒಂದು ಭಾಗವೂ ಬೀಳುವುದಿಲ್ಲ.

ಮನೆ ಕಟ್ಟಿದ ಮೇಸ್ತ್ರಿ ಬಿಟ್ಟುಹೋದ ಏಣಿ

2020ರ ಜುಲೈನ ಸ್ಯಾಪ್ ಪ್ರಕರಣ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ಮೊದಲ ಪ್ರಶ್ನೆಯನ್ನೂ ಕೇಳದೆ ಸರ್ವಾಧಿಕಾರವೇ ಸಿಗುತ್ತಿತ್ತು.

ಸ್ಯಾಪ್‌ನ ಹಲವು ತಂತ್ರಾಂಶಗಳ ಕೆಳಗೆ ನೆಟ್‌ವೀವರ್ ಎಂಬ ತಳಹದಿ ಇದೆ. ಅದರ ಜಾವಾ ಆವೃತ್ತಿಯಲ್ಲಿ ಕಾನ್ಫಿಗರೇಷನ್ ವಿಝಾರ್ಡ್ ಎಂಬ ಒಂದು ಸಣ್ಣ ಸಲಕರಣೆ ಕೂತಿರುತ್ತದೆ. ಹೊಸದಾಗಿ ವ್ಯವಸ್ಥೆ ಅಳವಡಿಸುವಾಗ ಮಾಡಬೇಕಾದ ನೂರೆಂಟು ಸಣ್ಣಪುಟ್ಟ ಕೆಲಸಗಳನ್ನು ತಾನೇ ಮಾಡಿಮುಗಿಸುವುದು ಅದರ ಕರ್ತವ್ಯ. ಮೊದಲ ಬಳಕೆದಾರರನ್ನು ಸೃಷ್ಟಿಸುವುದೂ ಆ ಕೆಲಸಗಳಲ್ಲಿ ಒಂದು. ಮನೆ ಕಟ್ಟುವಾಗ ಮೇಸ್ತ್ರಿ ಗೋಡೆಗೆ ಒರಗಿಸಿದ ಏಣಿ ಇದ್ದಂತೆ. ಕಟ್ಟುವಾಗ ಅದಿಲ್ಲದೆ ಆಗದು. ಗೃಹಪ್ರವೇಶವಾಗಿ, ಮುಂಬಾಗಿಲಿಗೆ ಮೂರು ಬೀಗ ಹಾಕಿ, ಸಿಸಿಟಿವಿ ಕೂರಿಸಿದ ಮೇಲೂ ಏಣಿ ಹಿತ್ತಿಲಲ್ಲಿ ಮಹಡಿಯ ಕಿಟಕಿಗೆ ಒರಗಿಕೊಂಡೇ ಇದ್ದರೆ?

ಒನಾಪ್ಸಿಸ್ ಎಂಬ ಕಂಪನಿ ಸ್ಯಾಪ್ ಮತ್ತು ಒರಾಕಲ್‌ನ ಇಂಥ ವ್ಯವಸ್ಥೆಗಳ ಲೋಪಗಳನ್ನೇ ಹುಡುಕುತ್ತಿರುತ್ತದೆ. ಈ ಏಣಿಯನ್ನು ಕಂಡವರು ಅದರ ಸಂಶೋಧಕರು. ವಿಝಾರ್ಡ್ ಹೊರಗಿನಿಂದ ಬರುವ ಆದೇಶಗಳನ್ನು ಕೇಳಿಸಿಕೊಳ್ಳುತ್ತಿತ್ತು, ಕಳಿಸಿದವರು ಲಾಗಿನ್ ಆಗಿದ್ದಾರೆಯೇ ಎಂದು ನೋಡುತ್ತಿರಲಿಲ್ಲ. ಸಾಮಾನ್ಯ ವೆಬ್ ಪುಟ ತೆರೆಯುವ ದಾರಿಯಲ್ಲೇ ಆದೇಶ ಕಳಿಸಿ, ನಿರ್ವಾಹಕನ ಅಧಿಕಾರವುಳ್ಳ ಹೊಸ ಬಳಕೆದಾರನನ್ನು ಸೃಷ್ಟಿಸಬಹುದಿತ್ತು. ಒಳಗಿನವರ ಸಹಾಯ ಬೇಡ. ಯಾರನ್ನೂ ಯಾಮಾರಿಸಿ ಲಿಂಕ್ ಒತ್ತಿಸುವುದೂ ಬೇಡ. 2020ರ ಮೇ ಕೊನೆಯಲ್ಲಿ ಅವರು ಸ್ಯಾಪ್‌ಗೆ ತಿಳಿಸಿದರು. ಲೋಪಕ್ಕೆ ಇಟ್ಟ ಹೆಸರು ರೆಕಾನ್. ದಾಖಲೆಯಲ್ಲಿ ಅದು ಸಿವಿಇ-2020-6287.

ಇಂಥ ಲೋಪಗಳ ತೀವ್ರತೆಗೆ ಹತ್ತರ ಮೇಲೆ ಅಂಕ ಕೊಡುವ ಪದ್ಧತಿ ಇದೆ. ದೂರದಿಂದಲೇ ಮಾಡಬಹುದೇ, ಲಾಗಿನ್ ಬೇಕೇ, ಇನ್ನೊಬ್ಬರು ಮೋಸಹೋಗಬೇಕೇ, ಸಿಗುವ ಅಧಿಕಾರ ಎಷ್ಟು ಎಂದೆಲ್ಲ ಅಳೆದು ಅಂಕ ಹಾಕುತ್ತಾರೆ. ರೆಕಾನ್‌ಗೆ ಬಂದದ್ದು ಹತ್ತಕ್ಕೆ ಹತ್ತು. ನೆಟ್‌ವೀವರ್ ಜಾವಾದ 7.30ರಿಂದ 7.50ರವರೆಗಿನ ಆವೃತ್ತಿಗಳೆಲ್ಲ ಬಾಧಿತ. ಸುಮಾರು 40,000 ಗ್ರಾಹಕ ಸಂಸ್ಥೆಗಳಿಗೆ ಇದು ತಟ್ಟಬಹುದು, ಇಂಟರ್‌ನೆಟ್‌ಗೆ ನೇರವಾಗಿ ತೆರೆದುಕೊಂಡ ವ್ಯವಸ್ಥೆಗಳೇ ಕನಿಷ್ಠ 2,500 ಇವೆ ಎಂದು ಒನಾಪ್ಸಿಸ್ ಅಂದಾಜು ಮಾಡಿತು.

ಲೋಪಕ್ಕೆ ತೇಪೆ ಹಾಕುವ ಪ್ಯಾಚ್ ಹೊರಬಂದದ್ದು ಜುಲೈ 14ರಂದು. ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸೀಸಾ ಕೂಡಲೇ ಎಚ್ಚರಿಕೆ ಹೊರಡಿಸಿ, ಇಂಟರ್‌ನೆಟ್‌ಗೆ ತೆರೆದುಕೊಂಡ ವ್ಯವಸ್ಥೆಗಳನ್ನು ಮೊದಲು ಸರಿಪಡಿಸಿ ಎಂದಿತು. ಅದೇ ಮಂಗಳವಾರ ರಾತ್ರಿ ಎಂಟಕ್ಕೆ ಬೆಂಗಳೂರಿನಲ್ಲಿ ಕೊರೊನಾ ಕಾರಣದ ಒಂದು ವಾರದ ಲಾಕ್‌ಡೌನ್ ಶುರುವಾಯಿತು. ಊರೆಲ್ಲ ಹಾಲು ತರಕಾರಿಗೆ ಮುಗಿಬಿದ್ದಿದ್ದ ಹೊತ್ತಿನಲ್ಲಿ ಇಲ್ಲಿನ ಬೇಸಿಸ್ ಎಂಜಿನಿಯರ್‌ಗಳ ಮೇಲ್‌ಬಾಕ್ಸ್‌ಗೆ ಬಂದು ಬಿದ್ದ ಸುದ್ದಿ ಇದು. ಒಂದೆರಡು ದಿನಗಳಲ್ಲೇ ಲೋಪವನ್ನು ಬಳಸುವ ಕೋಡ್ ಇಂಟರ್‌ನೆಟ್‌ನಲ್ಲಿ ಬಹಿರಂಗವಾಗಿ ಸಿಗತೊಡಗಿತು, ಬಾಗಿಲು ತಟ್ಟಿ ನೋಡುವವರೂ ಹೊರಟರು.

ಒಳಹೊಕ್ಕವನು ಏನು ಮಾಡಬಲ್ಲ

‘ಹ್ಯಾಕ್’ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಪರದೆಯ ಮೇಲೆ ತಲೆಬುರುಡೆ, ಕಡತಗಳೆಲ್ಲ ಬೀಗಮುದ್ರೆ, ಬಿಟ್‌ಕಾಯಿನ್ ಬೇಡಿಕೆ. ಹಣಕಾಸು ವ್ಯವಸ್ಥೆಯೊಳಗೆ ಹೊಕ್ಕ ಬುದ್ಧಿವಂತನಿಗೆ ಅಷ್ಟು ಗದ್ದಲ ಬೇಡ.

ಅವನು ಬೋಲ್ಟು ಮಾರುವವನ ದಾಖಲೆ ತೆರೆಯುತ್ತಾನೆ. ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಯಾವುದನ್ನೂ ಮುಟ್ಟುವುದಿಲ್ಲ. ಬ್ಯಾಂಕ್ ಖಾತೆ ಸಂಖ್ಯೆಯೊಂದನ್ನು ಮಾತ್ರ ಬದಲಿಸುತ್ತಾನೆ. ತಿಂಗಳ ಕೊನೆಗೆ ಹುಡುಗಿ ಸರಿಯಾದ ಬಿಲ್ ನಮೂದಿಸುತ್ತಾಳೆ, ಮ್ಯಾನೇಜರ್ ಸರಿಯಾಗಿ ಪರಿಶೀಲಿಸಿ ಬಿಡುಗಡೆ ಮಾಡುತ್ತಾರೆ, ವ್ಯವಸ್ಥೆ ಸರಿಯಾಗಿ ಹಣ ಕಳಿಸುತ್ತದೆ. ಎಲ್ಲರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ದುಡ್ಡು ಮಾತ್ರ ಬೇರೆ ಊರಿಗೆ ಹೋಗಿದೆ. ಕೆಲಸ ಮುಗಿದ ಮೇಲೆ ಅವನು ಹಳೆಯ ಸಂಖ್ಯೆಯನ್ನು ವಾಪಸ್ ಹಾಕಿಬಿಟ್ಟರೆ ಬೋಲ್ಟಿನವನು ನಾಲ್ಕನೇ ಸಲ ಫೋನ್ ಮಾಡುವವರೆಗೆ ಯಾರಿಗೂ ಅನುಮಾನ ಬಾರದು.

ರೆಕಾನ್ ಬಳಸಿ ಇಂಥದ್ದನ್ನೆಲ್ಲ ಮಾಡಲು ಸಾಧ್ಯ ಎಂದು ಒನಾಪ್ಸಿಸ್ ಎಚ್ಚರಿಸಿತ್ತು: ಬ್ಯಾಂಕ್ ವಿವರ ಬದಲಿಸುವುದು, ಖರೀದಿ ಪ್ರಕ್ರಿಯೆಯಲ್ಲಿ ಕೈಯಾಡಿಸುವುದು, ನೌಕರರ ವೈಯಕ್ತಿಕ ಮಾಹಿತಿ ಕದಿಯುವುದು, ಹಣಕಾಸು ದಾಖಲೆ ತಿದ್ದುವುದು, ಹೆಜ್ಜೆಗುರುತು ಅಳಿಸುವುದು. ಕೊನೆಯದೇ ಹೆಚ್ಚು ಅಪಾಯದ್ದು. ಷೇರುಪೇಟೆಯಲ್ಲಿರುವ ಕಂಪನಿ ಮೂರು ತಿಂಗಳಿಗೊಮ್ಮೆ ಲಾಭ-ನಷ್ಟದ ಲೆಕ್ಕ ಹೇಳುತ್ತದೆ. ಆ ಅಂಕಿ ಹೊರಬರುವುದು ಇದೇ ಯಂತ್ರದಿಂದ. ಯಂತ್ರದೊಳಗೆ ಯಾರು ಬಂದು ಹೋದರು ಎಂಬುದೇ ಗೊತ್ತಿಲ್ಲದಿದ್ದರೆ ಆಡಿಟರ್ ಯಾವ ಧೈರ್ಯದ ಮೇಲೆ ಸಹಿ ಹಾಕಬೇಕು? ಎನ್ರಾನ್ ಕಂಪನಿಯ ಲೆಕ್ಕಪತ್ರ ಹಗರಣದ ನಂತರ 2002ರಲ್ಲಿ ಅಮೆರಿಕ ತಂದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಆಂತರಿಕ ನಿಯಂತ್ರಣಗಳ ಬಗ್ಗೆ ಕಂಪನಿಯ ಮುಖ್ಯಸ್ಥರೇ ಉತ್ತರಿಸಬೇಕು ಎನ್ನುತ್ತದೆ. ಹಾಗಾಗಿ ಇಂಥ ಲೋಪ ಕಂಪ್ಯೂಟರ್ ವಿಭಾಗದ ತಲೆನೋವಾಗಿ ಉಳಿಯದೆ ನಿರ್ದೇಶಕ ಮಂಡಳಿಯ ಕೋಣೆಗೂ ನುಗ್ಗುತ್ತದೆ.

ಎಡವಿದ ಕಲ್ಲಿಗೇ ಮತ್ತೆ

ಒಮ್ಮೆ ಎಡವಿದರೆ ಕಲ್ಲನ್ನು ಬೈಯಬಹುದು. ಸ್ಯಾಪ್‌ನ ಜಾವಾ ಅಂಗಳದಲ್ಲಿ ಆದದ್ದು ಒಮ್ಮೆಯಲ್ಲ.

2011ರಲ್ಲಿ ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಅಲೆಕ್ಸಾಂಡರ್ ಪೋಲ್ಯಾಕೊವ್ ಎಂಬ ರಷ್ಯದ ಸಂಶೋಧಕ ಒಂದು ಚಮತ್ಕಾರ ತೋರಿಸಿದ. ವೆಬ್‌ನಲ್ಲಿ ಸರ್ವರನ್ನು ಕೇಳುವುದಕ್ಕೆ ಹಲವು ಬಗೆಯ ಕ್ರಿಯಾಪದಗಳಿವೆ. ‘ಗೆಟ್’ ಎಂದರೆ ಪುಟ ಕೊಡು. ‘ಹೆಡ್’ ಎಂದರೆ ಪುಟ ಬೇಡ, ತಲೆಬರಹ ಮಾತ್ರ ಸಾಕು. ಸಂರಚನಾ ಸಲಕರಣೆಯೊಂದಕ್ಕೆ ಹಾಕಿದ್ದ ಕಾವಲು ‘ಗೆಟ್’ ಎಂದು ಬಂದವರನ್ನು ತಡೆಯುತ್ತಿತ್ತು, ‘ಹೆಡ್’ ಎಂದವರನ್ನು ಬಿಟ್ಟುಬಿಡುತ್ತಿತ್ತು. ಒಳಗೆ ಹೋದ ಮೇಲೆ ಎರಡೂ ಒಂದೇ ಕೆಲಸ ಮಾಡುತ್ತಿದ್ದವು. ‘ಒಳಗೆ ಬರಲೇ?’ ಎಂದವನನ್ನು ಗದರಿಸಿ, ‘ಸುಮ್ಮನೆ ಇಣುಕಿ ನೋಡ್ತೀನಿ’ ಎಂದವನನ್ನು ಒಳಗೆ ಬಿಡುವ ಕಾವಲುಗಾರನಂತೆ. ಇಣುಕಿದವನು ಅಲ್ಲಿಂದಲೇ ನಿರ್ವಾಹಕ ಬಳಕೆದಾರನನ್ನು ಸೃಷ್ಟಿಸಿಕೊಳ್ಳಬಹುದಿತ್ತು. ಒಂಬತ್ತು ವರ್ಷ ಬಿಟ್ಟು ರೆಕಾನ್ ಕಂಡದ್ದು ಇದೇ ಸಂರಚನಾ ಸಲಕರಣೆಗಳ ಕೇರಿಯಲ್ಲಿ.

ಅದಕ್ಕೂ ಮೊದಲು ಇನ್ವೋಕರ್ ಸರ್ವ್‌ಲೆಟ್ ಎಂಬ ಭಾಗದಲ್ಲಿ ಇನ್ನೊಂದು ಲೋಪ ಇತ್ತು. ಅದಕ್ಕೆ ಸ್ಯಾಪ್ ಪರಿಹಾರ ಕೊಟ್ಟದ್ದು 2010ರಲ್ಲಿ. 2016ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರದ ಯುಎಸ್-ಸರ್ಟ್ ಅದರ ಬಗ್ಗೆ ಎಚ್ಚರಿಕೆ ಹೊರಡಿಸಬೇಕಾಯಿತು. ಕಾರಣ, ಆ ಹಳೆಯ ದಾರಿಯಲ್ಲೇ ದಾಳಿಗೆ ತುತ್ತಾದ 36 ಸಂಸ್ಥೆಗಳನ್ನು ಒನಾಪ್ಸಿಸ್ ಪತ್ತೆ ಮಾಡಿತ್ತು. ಔಷಧಿ ಕೊಟ್ಟು ಆರು ವರ್ಷವಾದರೂ ರೋಗಿ ಸೀಸೆಯ ಮುಚ್ಚಳ ತೆಗೆದಿರಲಿಲ್ಲ.

ಕೊನೆಯದಾಗಿ 2025ರ ಏಪ್ರಿಲ್. ಅದೇ ನೆಟ್‌ವೀವರ್, ಈ ಸಲ ವಿಷುವಲ್ ಕಂಪೋಸರ್ ಎಂಬ ಭಾಗ. ಅದರಲ್ಲಿ ಕಡತ ಅಪ್‌ಲೋಡ್ ಮಾಡುವ ಒಂದು ಕಿಂಡಿ. ಅಪ್‌ಲೋಡ್ ಮಾಡುವವರಿಗೆ ಅಧಿಕಾರವಿದೆಯೇ ಎಂಬ ಪರೀಕ್ಷೆ ಇಲ್ಲ. ಮತ್ತೆ ಹತ್ತಕ್ಕೆ ಹತ್ತು ಅಂಕ. ಈ ಬಾರಿ ಲೋಪವನ್ನು ಮೊದಲು ಕಂಡವರು ದಾಳಿಕೋರರು. ಪ್ಯಾಚ್ ಬರುವ ಮುನ್ನವೇ ಅವರು ಒಳಗಿದ್ದರು. ಬಿಟ್ಟುಹೋದ ಕಡತಗಳ ಹೆಸರು ನೋಡಿ: ಒಂದು ‘ಹೆಲ್ಪರ್’, ಇನ್ನೊಂದು ‘ಕ್ಯಾಶ್’ (ಹಣವಲ್ಲ, ತಾತ್ಕಾಲಿಕ ಸಂಗ್ರಹ). ವ್ಯವಸ್ಥೆಯದೇ ಸಾಮಾನು ಇರಬೇಕು ಎಂದುಕೊಂಡು ಯಾರೂ ಎರಡನೇ ಸಲ ಕಣ್ಣು ಹಾಯಿಸದಂಥ ಹೆಸರುಗಳು. ದೂರದಿಂದ ಆ ಕಂಪ್ಯೂಟರನ್ನು ಆಡಿಸುವ ದಾರ ಅವುಗಳ ಒಳಗಿತ್ತು.

ಇಷ್ಟು ದೊಡ್ಡ ಕಂಪನಿ, ಇಷ್ಟು ಜಾಣ ಎಂಜಿನಿಯರ್‌ಗಳು, ಆದರೂ ಏಕೆ ಹೀಗೆ? ನನಗೆ ಕಾಣುವ ಕಾರಣ ಒಂದೇ. ಈ ವ್ಯವಸ್ಥೆಗಳು ಹುಟ್ಟಿದ ಕಾಲದಲ್ಲಿ ಅವು ಕಂಪನಿಯ ಕಾಂಪೌಂಡಿನೊಳಗೆ ಇದ್ದವು. ಅಲ್ಲಿಯವರೆಗೆ ಬಂದವನು ಗೇಟು ದಾಟಿ, ಹಾಜರಿ ಹಾಕಿ ಬಂದ ನಮ್ಮವನೇ ಆಗಿರುತ್ತಿದ್ದ. ಒಳಗಿನ ಸಲಕರಣೆಗಳು ಒಂದನ್ನೊಂದು ನಂಬಿ ಕೆಲಸ ಮಾಡುತ್ತಿದ್ದವು. ಆಮೇಲೆ ಸರಬರಾಜುದಾರರಿಗೆ ಪೋರ್ಟಲ್ ಬೇಕಾಯಿತು, ನೌಕರರಿಗೆ ಮೊಬೈಲಿನಲ್ಲಿ ಸಂಬಳದ ಚೀಟಿ ಬೇಕಾಯಿತು. ಕಾಂಪೌಂಡ್ ಒಡೆದು ರಸ್ತೆಗೆ ಬಾಗಿಲು ಇಟ್ಟರು. ಒಳಮನೆಯ ನಂಬಿಕೆ ಹಾಗೆಯೇ ಉಳಿಯಿತು.

ಆ ನಂಬಿಕೆಯ ಒಂದು ಪಳೆಯುಳಿಕೆ ಇವತ್ತಿಗೂ ನೋಡಲು ಸಿಗುತ್ತದೆ. ಸ್ಯಾಪ್‌ನಲ್ಲಿ ‘ಸ್ಯಾಪ್ ಸ್ಟಾರ್’ ಎಂಬ ಸರ್ವಾಧಿಕಾರಿ ಬಳಕೆದಾರನೊಬ್ಬ ಹುಟ್ಟಿನಿಂದಲೇ ಇರುತ್ತಾನೆ. ಅವನ ಹಳೆಯ ಮೂಲ ಪಾಸ್‌ವರ್ಡ್ 06071992. ಅದೇನು ಗುಟ್ಟಿನ ಸಂಖ್ಯೆಯಲ್ಲ, ಆರ್/3 ಆವೃತ್ತಿ ಬಿಡುಗಡೆಯಾದ ದಿನ: 1992ರ ಜುಲೈ 6. ಬೇಸಿಸ್ ಕಲಿಯುವ ಪ್ರತಿಯೊಬ್ಬರಿಗೂ ಗೊತ್ತಿರುವ ಈ ಪಾಸ್‌ವರ್ಡನ್ನು ಬದಲಿಸಬೇಕು ಎಂಬುದು ಮೊದಲ ಪಾಠ. ತಮಾಷೆ ಏನೆಂದರೆ, ಅಪಾಯ ಬೇಡ ಎಂದು ಈ ಬಳಕೆದಾರನನ್ನೇ ಅಳಿಸಿಹಾಕಿದರೆ ಆತ ಸಾಯುವುದಿಲ್ಲ. ತಡೆಯುವ ಸೆಟ್ಟಿಂಗ್ ಇಲ್ಲದಿದ್ದರೆ ಇನ್ನೂ ಸುಲಭದ ‘ಪಾಸ್’ ಎಂಬ ಪಾಸ್‌ವರ್ಡಿನೊಂದಿಗೆ, ಯಾವ ಮಿತಿಯೂ ಇಲ್ಲದ ಅಧಿಕಾರದೊಂದಿಗೆ ಎದ್ದು ಬರುತ್ತಾನೆ. ನಮ್ಮ ಪುರಾಣದ ರಕ್ತಬೀಜ ನೆನಪಾದರೆ ತಪ್ಪಿಲ್ಲ. ನಿರ್ವಾಹಕ ಎಡವಟ್ಟು ಮಾಡಿಕೊಂಡು ಹೊರಗೇ ಉಳಿದರೆ ಒಂದು ದಾರಿ ಇರಲಿ ಎಂಬ ಸದುದ್ದೇಶ ಅದರ ಹಿಂದಿದೆ.

ತೇಪೆ ಹಾಕಲು ಏನು ಕಷ್ಟ

ಮೊಬೈಲಿಗೆ ಅಪ್‌ಡೇಟ್ ಬಂದರೆ ರಾತ್ರಿ ಚಾರ್ಜಿಗೆ ಹಾಕಿ ಮಲಗುತ್ತೇವೆ, ಬೆಳಿಗ್ಗೆ ಆಗಿರುತ್ತದೆ. ಇಆರ್‌ಪಿಯನ್ನು ಹಾಗೆ ಮಾಡಲಾಗದು. ಅದು ನಿಂತರೆ ಲಾರಿಗೆ ಗೇಟ್ ಪಾಸ್ ಸಿಗದು, ಗೋದಾಮಿನಿಂದ ಸರಕು ಹೊರಡದು, ಕಾರ್ಖಾನೆಯ ಸಾಲು ನಿಲ್ಲುತ್ತದೆ. ತೇಪೆ ಹಾಕಿದ ಮೇಲೆ ಇನ್ನೇನೋ ಕೆಟ್ಟರೆ? ಪ್ರತಿ ಕಂಪನಿ ತನಗೆ ಬೇಕಾದಂತೆ ಸಾವಿರಾರು ಮಾರ್ಪಾಡು ಮಾಡಿಕೊಂಡಿರುತ್ತದೆ. ಮೊದಲು ನಕಲು ವ್ಯವಸ್ಥೆಯಲ್ಲಿ ಹಾಕಿ ನೋಡಬೇಕು, ಅಕೌಂಟ್ಸ್‌ನವರು ಪರೀಕ್ಷಿಸಿ ಒಪ್ಪಬೇಕು, ಆಮೇಲೆ ಒಂದು ಭಾನುವಾರ ರಾತ್ರಿ ಗಳಿಗೆ ನೋಡಿ ನಿಲ್ಲಿಸಬೇಕು. ತಿಂಗಳ ಕೊನೆಯಲ್ಲಿ ಬೇಡ ಎಂದು ಫೈನಾನ್ಸ್‌ನವರು, ತಿಂಗಳ ಮೊದಲಲ್ಲಿ ಬೇಡ ಎಂದು ಸಂಬಳದವರು. ದಸರಾ ಮುಗಿಯಲಿ, ಮಾರ್ಚ್ ಕಳೆಯಲಿ.

ದಾಳಿಕೋರರಿಗೆ ಇಂಥ ಪಂಚಾಂಗ ಇಲ್ಲ. 2021ರ ಏಪ್ರಿಲ್‌ನಲ್ಲಿ ಸ್ಯಾಪ್ ಮತ್ತು ಒನಾಪ್ಸಿಸ್ ಒಟ್ಟಿಗೆ ಹೊರತಂದ ವರದಿಯ ಪ್ರಕಾರ, ಪ್ಯಾಚ್ ಬಿಡುಗಡೆಯಾಗಿ 72 ಗಂಟೆಯೊಳಗೆ ಅದೇ ಲೋಪದ ಮೇಲೆ ದಾಳಿ ಶುರುವಾದದ್ದುಂಟು. ಕ್ಲೌಡ್‌ನಲ್ಲಿ ಹೊಸದಾಗಿ ಇಟ್ಟ, ಕಾವಲಿಲ್ಲದ ಸ್ಯಾಪ್ ವ್ಯವಸ್ಥೆಯನ್ನು ಹುಡುಕಿ ಒಳಹೊಕ್ಕಲು ಅವರಿಗೆ ಮೂರು ಗಂಟೆಯೂ ಬೇಕಾಗಿರಲಿಲ್ಲ. ಪ್ಯಾಚ್ ಎನ್ನುವುದೇ ಒಂದು ಸುಳಿವು. ಹೊಸ ಕೋಡನ್ನು ಹಳೆಯದರ ಪಕ್ಕ ಇಟ್ಟು ನೋಡಿದರೆ ತೂತು ಎಲ್ಲಿತ್ತು ಎಂಬುದು ಬಲ್ಲವರಿಗೆ ತಿಳಿಯುತ್ತದೆ. ಬೀಗ ಹಾಕಿದ್ದೇವೆ ಎಂದು ಡಂಗುರ ಸಾರುವುದು ಬೀಗ ಹಾಕದವರ ಮನೆ ವಿಳಾಸ ಕೊಟ್ಟ ಹಾಗೆಯೂ ಆಗುತ್ತದೆ.

ಅಧ್ಯಕ್ಷರ ಡಾಂಗಲ್

ಜರ್ಮನಿಯವರು ಬರೆದ ಕೋಡಿನಲ್ಲಿ ತೂತು ಇತ್ತು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಕಚೇರಿಗಳಲ್ಲಿ ನಾವೇ ಕೊರೆಯುವ ತೂತುಗಳ ಕಥೆ ಬೇರೆ.

ಪಂಚಾಯಿತಿ ಅಧ್ಯಕ್ಷರ ಡಾಂಗಲ್ ಇನ್ನೊಬ್ಬರ ಜೇಬಿನಲ್ಲಿದ್ದರೆ ಜೋಡಿ ಬೀಗ ಒಂಟಿ ಬೀಗವಾಗುತ್ತದೆ. ಕಂಪನಿಯಲ್ಲೂ ಹಾಗೆಯೇ. ಮ್ಯಾನೇಜರ್ ರಜೆ ಹೋಗುವಾಗ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋಗುತ್ತಾರೆ. ಹೊಸ ಹುಡುಗ ಬಂದರೆ ‘ರಮೇಶನಿಗೆ ಏನಿದೆಯೋ ಅದನ್ನೇ ಕೊಡಿ’ ಎಂದು ಮೇಲ್ ಹೋಗುತ್ತದೆ. ರಮೇಶ ಹತ್ತು ವರ್ಷದಲ್ಲಿ ನಾಲ್ಕು ವಿಭಾಗ ತಿರುಗಿ ನಾಲ್ಕರ ಅಧಿಕಾರವನ್ನೂ ಮೈಮೇಲೆ ಹೊತ್ತುಕೊಂಡಿರುತ್ತಾನೆ. ನಿನ್ನೆ ಬಂದ ಹುಡುಗನಿಗೆ ಅಷ್ಟೂ ಒಂದೇ ದಿನಕ್ಕೆ ಸಿಗುತ್ತದೆ. ಸ್ಯಾಪ್‌ನಲ್ಲಿ ‘ಸ್ಯಾಪ್ ಆಲ್’ ಎಂಬ ಒಂದು ಅಧಿಕಾರದ ಕಟ್ಟು ಇದೆ, ಕೊಟ್ಟರೆ ಎಲ್ಲವನ್ನೂ ಕೊಟ್ಟಂತೆ. ಆಡಿಟರ್ ಬಂದಾಗ ಮೊದಲು ಕೇಳುವುದು ಅದು ಯಾರ್‍ಯಾರಿಗಿದೆ ಎಂದು. ‘ಗೋ-ಲೈವ್ ಟೈಮಲ್ಲಿ ಕೊಟ್ಟಿದ್ವಿ ಸರ್, ತೆಗೆಯೋದು ಮರೆತುಹೋಯ್ತು’ ಎಂಬ ಉತ್ತರ ಅವರಿಗೆ ಹೊಸದಲ್ಲ. ಮತ್ತೆ ಅದೇ ಮೇಸ್ತ್ರಿಯ ಏಣಿ.

ಕಾನೂನು ನಿಧಾನವಾಗಿ ಈ ಕಡೆ ತಿರುಗಿದೆ. 2023ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಸಾಫ್ಟ್‌ವೇರಿನಲ್ಲಿ ಲೆಕ್ಕ ಇಡುವ ಪ್ರತಿ ಕಂಪನಿಯೂ ಆಡಿಟ್ ಟ್ರೇಲ್ ಇರುವ ತಂತ್ರಾಂಶವನ್ನೇ ಬಳಸಬೇಕು. ಯಾವ ನಮೂದು ಯಾವಾಗ ಬದಲಾಯಿತು ಎಂಬುದು ಅಲ್ಲಿ ದಾಖಲಾಗಬೇಕು, ಅದನ್ನು ಆರಿಸಿಡಲು ಬರಬಾರದು. ಟ್ಯಾಲಿ ಇಟ್ಟುಕೊಂಡ ಸಣ್ಣ ಪ್ರೈವೇಟ್ ಲಿಮಿಟೆಡ್‌ಗೂ ಇದು ಅನ್ವಯ. ಕೆಲವು ಬಗೆಯ ಸೈಬರ್ ಘಟನೆ ನಡೆದದ್ದು ಗೊತ್ತಾದ ಆರು ಗಂಟೆಯೊಳಗೆ ತನಗೆ ತಿಳಿಸಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಆದೇಶ ಮಾಡಿದೆ. ಒಳ್ಳೆಯ ನಿಯಮಗಳೇ. ಆದರೆ ಆಡಿಟ್ ಟ್ರೇಲ್ ಬರೆದಿಡುವುದು ಯಾವ ಐಡಿಯಿಂದ ಬದಲಾವಣೆ ಆಯಿತು ಎಂಬುದನ್ನು ಮಾತ್ರ. ಮೂವರು ಒಂದೇ ಐಡಿ ಹಂಚಿಕೊಂಡಿದ್ದರೆ, ಅಥವಾ ಆ ಐಡಿಯ ಒಡೆಯ ಹೋದ ವರ್ಷವೇ ಕೆಲಸ ಬಿಟ್ಟಿದ್ದರೆ, ಅದು ಹೇಳುವುದು ಹೆಸರನ್ನು, ಮನುಷ್ಯನನ್ನಲ್ಲ.

ಸ್ಯಾಪ್ ತನ್ನ ಭದ್ರತಾ ಪ್ಯಾಚ್‌ಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತದೆ. ನೀವು ಇಂಥ ವ್ಯವಸ್ಥೆ ಇರುವ ಕಚೇರಿಯಲ್ಲಿದ್ದರೆ, ಬರುವ ಸೋಮವಾರ ಕಂಪ್ಯೂಟರ್ ವಿಭಾಗದವರ ಬಳಿ ಎರಡು ಮಾತು ಕೇಳಿ: ಕಳೆದ ಎರಡನೇ ಮಂಗಳವಾರದ್ದು ಹಾಕಿ ಆಯಿತೇ? ಕೆಲಸ ಬಿಟ್ಟು ಹೋದವರ ಐಡಿಗಳು ಇನ್ನೂ ಎಷ್ಟು ತೆರೆದಿವೆ? ಎರಡನೆಯದಕ್ಕೆ ‘ನೋಡಿ ಹೇಳ್ತೀವಿ’ ಎಂದರೆ, ನೋಡುವವರೆಗೆ ಬಿಡಬೇಡಿ.